ಕ್ವಾಲಾ ಪೆತಾಯ್‌ನ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದಾತುಕರು

ನಮ್ಮ ಕ್ವಾಲಾ ಪೆತಾಯ್ ಊರಿನಲ್ಲಿ ಹೋದ ವರ್ಷ, ಉಪವಾಸ ಮುಗಿದ ಮೇಲಿನ ಹಬ್ಬದ ತಿಂಗಳಲ್ಲಿ, ಒಂದು ವಾರದ ಮಟ್ಟಿಗೆ ಒಬ್ಬನೇ ಒಬ್ಬ ಸಾಮಾನ್ಯ ಮನುಷ್ಯನೂ ಇರಲಿಲ್ಲ. ಎಲ್ಲರೂ ದಾತುಕರು. ಮೀನು ಮಾರುವವನು ದಾತುಕ್, ಮೀನು ಕೊಳ್ಳುವವನು ದಾತುಕ್, ಆ ಮೀನಿನ ಮೇಲೆ ಕಣ್ಣಿಟ್ಟು ಮೇಜಿನ ಕೆಳಗೆ ಕುಳಿತಿದ್ದ ಕೊಮೋಟ್ ಎಂಬ ಬೆಕ್ಕೂ ದಾತುಕ್. ದಾತುಕ್ ಎಂಬುದು ಅರಮನೆಯಿಂದ ಬರುವ ಬಿರುದು. ನಮ್ಮಂಥ ಊರಿಗೆ ಇಪ್ಪತ್ತು ವರ್ಷಕ್ಕೊಂದು ಬಂದರೆ ಹೆಚ್ಚು. ನಮಗೆ ಒಂದೇ ಮಧ್ಯಾಹ್ನ ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಬಂದವು. ಕೊಟ್ಟವರು ಅರಮನೆಯವರಲ್ಲ, ನನ್ನ ಪಕ್ಕದ ಮೇಜಿನ ಬಹ್ತಿಯಾರ್.

ಬಹ್ತಿಯಾರ್ ನಮ್ಮ ಪಟ್ಟಣ ಮಂಡಳಿಯ ಡೇಟಾಬೇಸ್ ನೋಡಿಕೊಳ್ಳುವವರು. ಊರಿನವರ ಹೆಸರು, ಮನೆ ನಂಬರು, ಹುಟ್ಟಿದ ದಿನ, ಹೆಸರಿನ ಹಿಂದಿನ ಬಿರುದು ಎಲ್ಲ ಕಂಪ್ಯೂಟರಿನ ಹೊಟ್ಟೆಯಲ್ಲಿ ದೊಡ್ಡದೊಂದು ಪಟ್ಟಿಯಾಗಿ ಕುಳಿತಿರುತ್ತದೆ. ಆ ಹೊಟ್ಟೆ ಕೆಡದಂತೆ ನೋಡಿಕೊಳ್ಳುವುದು ಅವರ ಕೆಲಸ. ನಲವತ್ತೆರಡು ವರ್ಷ, ದುಂಡು ಮುಖ, ಯಾವಾಗಲೂ ಅರ್ಧ ಗಂಟೆ ತಡವಾದವರ ಹಾಗೆ ಅವಸರ. ನಾವೆಲ್ಲ ಅವರನ್ನು ಅಣ್ಣ ಎಂಬ ಅರ್ಥದಲ್ಲಿ ‘ಬಾಂಗ್’ ಎನ್ನುತ್ತೇವೆ. ಒಂಬತ್ತು ವರ್ಷದಿಂದ ಗುತ್ತಿಗೆಯ ನೌಕರಿ. ವರ್ಷಕ್ಕೊಮ್ಮೆ ಮುಂದುವರಿಸುತ್ತಾರೆ, ಖಾಯಂ ಮಾಡುವುದಿಲ್ಲ. ಪ್ರತಿ ಹಬ್ಬಕ್ಕೆ ಅತ್ತೆಯ ಮನೆಗೆ ಹೋದಾಗ ಆ ತಾಯಿ ಅಳಿಯನ ತಟ್ಟೆಗೆ ಮಾಂಸದ ರೆಂದಾಂಗ್ ಬಡಿಸುತ್ತ ಒಂದೇ ಪ್ರಶ್ನೆ ಕೇಳುತ್ತಾರೆ: “ಖಾಯಂ ಆಯ್ತಾ?” ಒಂಬತ್ತು ಹಬ್ಬ, ಒಂಬತ್ತು ಸಲ. ರೆಂದಾಂಗ್ ಬಾಯಲ್ಲಿಟ್ಟುಕೊಂಡು ಇಲ್ಲ ಎನ್ನುವುದು ಎಷ್ಟು ಕಷ್ಟವೆಂದು ಬಹ್ತಿಯಾರ್ ನನಗೆ ಒಂಬತ್ತು ಸಲ ಹೇಳಿದ್ದಾರೆ.

ನನ್ನ ವಿಷಯ ಎರಡೇ ಮಾತು. ಹೆಸರು ಅರುಳ್. ಮೂರನೇ ಕೌಂಟರಿನಲ್ಲಿ ಕುಳಿತು ಸಾರ್ವಜನಿಕರ ದೂರು ತೆಗೆದುಕೊಳ್ಳುತ್ತೇನೆ. ತೆಗೆದುಕೊಳ್ಳುವುದು ನನ್ನ ಕೆಲಸ. ಪರಿಹರಿಸುವುದು ಯಾರ ಕೆಲಸವೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಆ ಮಂಗಳವಾರ ಹನ್ನೆರಡು ಗಂಟೆಗೆ ರಾಜಧಾನಿಯಿಂದ ಫೋನ್ ಬಂತು. ನಮ್ಮ ಮಂಡಳಿಯ ಅಧ್ಯಕ್ಷರಾದ ಶಮ್ಸೂರಿಯವರಿಗೆ ಅರಮನೆಯಲ್ಲಿ ಬಿರುದು ಕೊಟ್ಟಾಯಿತು, ಇನ್ನು ಮೇಲೆ ಅವರು ದಾತುಕ್ ಶಮ್ಸೂರಿ. ಕಚೇರಿಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಬಹ್ತಿಯಾರ್. ಕಾರಣವಿತ್ತು. ರಾಜಧಾನಿಗೆ ಹೊರಡುವ ಮುನ್ನ ಅಧ್ಯಕ್ಷರು ಅವರ ಹೆಗಲ ಮೇಲೆ ಕೈಯಿಟ್ಟು ಹೇಳಿ ಹೋಗಿದ್ದರು: “ನೋಡು ಬಹ್ತಿಯಾರ್, ನಾನು ದಾತುಕ್ ಆಗಿ ಹಾಕೋ ಮೊದಲನೇ ಸಹಿ ನಿನ್ನ ಖಾಯಂ ಪತ್ರದ ಮೇಲೆ. ಹಬ್ಬದೂಟದ ದಿನ, ವೇದಿಕೆ ಮೇಲೆ, ಊರವರೆಲ್ಲರ ಎದುರಿಗೆ.”

ಹಬ್ಬದೂಟವೆಂದರೆ ಈ ತಿಂಗಳಲ್ಲಿ ಮಂಡಳಿಯವರು ಬಾಗಿಲು ತೆರೆದಿಟ್ಟು ಇಡೀ ಊರಿಗೆ ಹಾಕಿಸುವ ಊಟ. ಅದು ಬರುವ ವಾರದ ಶನಿವಾರಕ್ಕಿತ್ತು. ಆಮಂತ್ರಣ ಪತ್ರಗಳ ಹೆಸರುಗಳು ಅದೇ ಮಂಗಳವಾರ ಒಂದು ಗಂಟೆಗೆ ಕಂಪ್ಯೂಟರಿನಿಂದ ತಾವಾಗಿಯೇ ಪಕ್ಕದೂರಿನ ಮುದ್ರಣಾಲಯಕ್ಕೆ ಹೋಗುವಂತೆ ಗೊತ್ತುಮಾಡಿತ್ತು.

“ಅರುಳ್, ಅಧ್ಯಕ್ಷರು ಅರಮನೆ ಮೆಟ್ಟಿಲು ಇಳಿಯೋದ್ರೊಳಗೆ ನಮ್ಮ ಪಟ್ಟೀಲಿ ಅವರು ದಾತುಕ್ ಆಗಿರ್ಬೇಕು,” ಎಂದು ಬಹ್ತಿಯಾರ್ ಅಂಗಿಯ ತೋಳು ಮಡಚಿಕೊಂಡರು.

“ಊಟ ಮಾಡ್ಕೊಂಡು ಬಂದು ಮಾಡಿದ್ರಾಗಲ್ವಾ ಬಾಂಗ್?”

“ಊಟ ಯಾರ್ ಬೇಕಾದ್ರೂ ಮಾಡ್ತಾರೆ. ಇದನ್ನ ಯಾರ್ ಮಾಡ್ತಾರೆ?”

ಯಾರೂ ಮಾಡುವುದಿಲ್ಲ, ನಿಜ. ಈ ಯಂತ್ರಕ್ಕೆ ಅಪ್ಪಣೆ ಕೊಡುವಾಗ ಎರಡು ಮಾತು ಹೇಳಬೇಕಂತೆ: ಏನು ಮಾಡಬೇಕು, ಯಾರಿಗೆ ಮಾಡಬೇಕು. ಬಹ್ತಿಯಾರ್ ಮೊದಲನೆಯದನ್ನು ತಪ್ಪಿಲ್ಲದೆ ಹೇಳಿದರು. ಬಿರುದಿನ ಜಾಗದಲ್ಲಿ ‘ದಾತುಕ್’ ಬರೆ. ಯಾರಿಗೆ ಎಂದು ಹೇಳುವುದು ಮರೆತುಹೋಯಿತು. ಯಂತ್ರಕ್ಕೆ ಮನುಷ್ಯರ ಹಾಗೆ ‘ಯಾರಿಗೆ ಸ್ವಾಮಿ?’ ಎಂದು ತಿರುಗಿ ಕೇಳುವ ಕೆಟ್ಟ ಬುದ್ಧಿ ಇಲ್ಲ. ಯಾರಿಗೂ ಬೇಸರವಾಗದಿರಲೆಂದು ಎಲ್ಲರಿಗೂ ಬರೆಯಿತು. ಬರೆದು, ‘೪೩೧೨ ದಾಖಲೆ ತಿದ್ದಲಾಗಿದೆ’ ಎಂದು ವಿನಯದಿಂದ ತಿಳಿಸಿತು. ಆದರೆ ಬಹ್ತಿಯಾರ್ ಅಷ್ಟರಲ್ಲಿ ಮೇಜಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದರು.

ಹೊರಡುವ ಮುನ್ನ ಅವರು ಒಂದು ಕೆಲಸವನ್ನು ಎಂದೂ ತಪ್ಪಿಸುವುದಿಲ್ಲ. ಹನ್ನೆರಡೂವರೆಗೆ ಸರಿಯಾಗಿ ಇಡೀ ಪಟ್ಟಿಯನ್ನು ಒಂದು ಕೆಂಪು ಡಿಸ್ಕಿಗೆ ನಕಲು ಮಾಡಿ, ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ, ತೇವ ಹಿಡಿಯದ ಹಾಗೆ ಒಂದು ಹಿಡಿ ಅಕ್ಕಿಯ ಜೊತೆ ಇಟ್ಟು, ಮುಚ್ಚಳ ಬಡಿದು ಮುಚ್ಚುವುದು. ಅದಕ್ಕೆ ಬ್ಯಾಕಪ್ ಎಂದು ಹೆಸರು. “ನಾಳೆ ಬೆಂಕಿ ಬೀಳ್ಲಿ, ನೆರೆ ಬರ್ಲಿ, ಕ್ವಾಲಾ ಪೆತಾಯ್ ಈ ಡಬ್ಬೀಲಿ ಸುರಕ್ಷಿತ,” ಎಂದು ಒಂಬತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಡಿಸ್ಕ್ ಇದ್ದದ್ದು ಒಂದೇ. ಇವತ್ತಿನದು ನಿನ್ನೆಯದರ ಮೇಲೆಯೇ ಕೂರಬೇಕು.

ಒಂದೂಕಾಲಿಗೆ ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತ ಬಂದವರು ಪರದೆ ನೋಡಿದರು. ಕಡ್ಡಿ ಬಾಯಲ್ಲೇ ನಿಂತಿತು.

“ಅರುಳ್. ನಿನ್ನ ಹೆಸರೇನು?”

“ಇದೇನ್ ಬಾಂಗ್, ಈಗ ತಾನೆ ಅರುಳ್ ಅಂದ್ರಲ್ಲ!”

“ಇಲ್ಲಿ ದಾತುಕ್ ಅರುಳ್ ಅಂತಿದೆ.”

ನಾನು ನೋಡಿದೆ. ಇತ್ತು. ನನ್ನ ಹೆಂಡತಿ ದಾತುಕ್. ನನ್ನ ಎರಡು ತಿಂಗಳ ಮಗಳು, ಇನ್ನೂ ಕತ್ತು ನಿಲ್ಲದವಳು, ದಾತುಕ್. ಸತ್ಯವಾಗಿ ಹೇಳುತ್ತೇನೆ, ಒಂದು ಕ್ಷಣ ಎದೆಯಲ್ಲಿ ಸಂತೋಷವೇ ಆಯಿತು.

“ಬ್ಯಾಕಪ್ ಇದ್ಯಲ್ಲ ಬಾಂಗ್, ಬೆಂಕಿಗೆ, ನೆರೆಗೆ ಅಂತ ಇಟ್ಟಿದ್ದು!”

ಬಹ್ತಿಯಾರ್ ಓಡಿಹೋಗಿ ಡಬ್ಬಿ ತೆರೆದರು. ಅಕ್ಕಿ ಕೊಡವಿ ಡಿಸ್ಕ್ ಹಾಕಿ ನೋಡಿದರು. ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದಾತುಕರೂ ಒಂದು ಕೂದಲೂ ಕೊಂಕದೆ ಭದ್ರವಾಗಿದ್ದರು. ಹನ್ನೆರಡೂ ಇಪ್ಪತ್ತೈದಕ್ಕೆ ಮಾಡಿದ ತಪ್ಪನ್ನು ಹನ್ನೆರಡೂವರೆಗೆ ಅಷ್ಟು ಜೋಪಾನವಾಗಿ ಎತ್ತಿಟ್ಟ ಮನುಷ್ಯ ಇನ್ನೊಬ್ಬನಿರಲಾರ.

“ಎಲ್ಲಾನೂ ಅಳಿಸಿಬಿಡಿ,” ಎಂದೆ.

“ಅಳಿಸಿದ್ರೆ? ಯಾರು ಹಾಜಿ, ಯಾರು ಡಾಕ್ಟರು, ಯಾರು ಮೇಷ್ಟ್ರು, ಯಾರು ಶ್ರೀಯುತ ಅನ್ನೋ ಎನ್ಚಿಕ್, ಯಾರು ಶ್ರೀಮತಿ ಅನ್ನೋ ಪುವಾನ್ ಅಂತ ಯಾರಿಗೊತ್ತು? ಅದರ ಮೇಲೇ ದಾತುಕ್ ಕೂತಿದೆ. ಹಜ್ ಮಾಡಿ ಬಂದೋರನ್ನ ಬರೀ ಹೆಸರು ಹಿಡಿದು ಕರೆದ್ರೆ ನನ್ನ ಜೀವಂತ ಬಿಡ್ತಾರಾ?”

ಮುದ್ರಣಾಲಯದ ಫೋನ್ ಸಿಕ್ಕಿದ್ದು ನಾಲ್ಕು ಗಂಟೆಗೆ. ಅಲ್ಲಿಯವನು ಬಹಳ ಚುರುಕು ಮನುಷ್ಯ, ನಮ್ಮ ದುರದೃಷ್ಟ. “ಎಲ್ಲ ಅಚ್ಚಾಗಿ ಅಂಚೆ ಗಾಡಿ ಹತ್ತಿಸ್ಬಿಟ್ಟೆ! ಏನ್ ಸ್ವಾಮಿ ನಿಮ್ಮೂರು, ಎಷ್ಟು ಉದ್ಧಾರ ಆಗ್ಬಿಟ್ಟಿದೆ! ನಮ್ಮೂರಲ್ಲಿ ಒಬ್ಬರೂ ಇಲ್ಲ,” ಎಂದು ಹೊಟ್ಟೆಕಿಚ್ಚಿನಿಂದ ಹೇಳಿದ.

“ಇದು ಹೊರಗೆ ಬಂದ್ರೆ ನಾನು ಖಾಯಂ ಆಗೋದಿರ್ಲಿ, ಮನೇಗೇ ಕಳಿಸ್ತಾರೆ,” ಎಂದರು ಬಹ್ತಿಯಾರ್. ಅವರ ಕಣ್ಣ ಮುಂದೆ ಅತ್ತೆಯೂ ರೆಂದಾಂಗಿನ ಸೌಟೂ ಬಂದುನಿಂತಿರಬೇಕು. ಮುದ್ರಣಾಲಯದವನು ಅಭಿನಂದನೆ ಹೇಳಲು ಅಧ್ಯಕ್ಷರಿಗೂ ಫೋನ್ ಮಾಡಿದ್ದನಂತೆ. ಸಂಜೆ ಅವರು ಇದೇನೆಂದು ಫೋನಿನಲ್ಲಿ ಕೇಳಿದಾಗ, ಬಹ್ತಿಯಾರ್ ನಮ್ಮ ದೇಶದ ಸಕಲ ಕಚೇರಿಗಳನ್ನೂ ಕಾಪಾಡಿಕೊಂಡು ಬಂದಿರುವ ಉತ್ತರವನ್ನೇ ಕೊಟ್ಟರು: “ವೈರಸ್, ತುವಾನ್. ಹೊರಗಿನಿಂದ ಬಂದಿದೆ.”

“ತುವಾನ್ ಅಲ್ಲ, ದಾತುಕ್,” ಎಂದು, ಬರೀ ಸ್ವಾಮಿ ಎಂಬ ಅರ್ಥದ ಆ ಮಾತನ್ನು ಅಧ್ಯಕ್ಷರು ತಿದ್ದಿದರು. “ಹಬ್ಬದೂಟಕ್ಕೆ ನಾನು ಬರೋ ಹೊತ್ತಿಗೆ ಆ ವೈರಸ್ ಹೋಗಿರ್ಬೇಕು. ಊರೆಲ್ಲ ದಾತುಕ್ ಆದ್ರೆ ನಾನು ಅರಮನೆಗೆ ಹೋಗಿ ಬಂದಿದ್ದು ಯಾಕೆ?”

ಬುಧವಾರ ಪತ್ರಗಳು ಹಂಚಿಹೋದವು. ಗುರುವಾರ ಬೆಳಿಗ್ಗೆಯಿಂದ ಊರಿನ ನಡೆಯೇ ಬದಲಾಯಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವರು ಹಗಲಿನಲ್ಲೇ ಹಿಡಿದರು. ಕಾಫಿ ಅಂಗಡಿಯ ಅಂಕಲ್ ಲಾವ್ ಬನಿಯನ್ನಿನ ಮೇಲೆ ಕೋಟು ಹಾಕಿಕೊಂಡು ಕಾಫಿ ಸೋಸತೊಡಗಿದ. ಯಾರಾದರೂ “ಅಂಕಲ್, ಒಂದು ಕಾಫಿ” ಎಂದರೆ ಕಿವಿ ಕೇಳಿಸುತ್ತಿರಲಿಲ್ಲ. “ದಾತುಕ್, ಒಂದು ಕಾಫಿ” ಎಂದರೆ “ಬಂತು ದಾತುಕ್” ಎನ್ನುತ್ತಿದ್ದ. ಸೇತುವೆಯ ಮೇಲೆ ಎದುರುಬದುರಾದ ಎರಡು ಬೈಕುಗಳು ‘ದಾತುಕ್ ಮೊದಲು’, ‘ಇಲ್ಲ, ದಾತುಕ್ ಮೊದಲು’ ಎಂದು ಉಪಚಾರ ಮಾಡಿಕೊಳ್ಳುತ್ತ ಒಂದು ಗಂಟೆ ಊರಿನ ವಾಹನಗಳನ್ನೆಲ್ಲ ನಿಲ್ಲಿಸಿದವು.

ಹತ್ತು ಗಂಟೆಗೆ ಅಂಕಲ್ ಲಾವ್ ಕಚೇರಿಗೆ ಬಂದ.

“ಮುಂದಿನ ಸಾಲಿನ ಸೋಫಾ ನಂದು ಯಾವುದು? ಪತ್ರದಲ್ಲಿ ಬರೆದಿದೆ, ದಾತುಕರಿಗೆ ಮುಂದಿನ ಸಾಲು.”

“ಅಂಕಲ್, ಸೋಫಾ ಇರೋದು ಆರು,” ಎಂದೆ.

“ಐದು ಬೇರೆಯವರಿಗೆ ಕೊಡು. ನಾನೇನು ಬೇಡ ಅಂದ್ನಾ?”

ಅವನ ಹಿಂದೆಯೇ ಪೊಲೀಸ್ ಠಾಣೆಯ ಸಾರ್ಜೆಂಟ್ ಹಶೀಮ್ ಒಳಗೆ ಬಂದರು. ಸುಳ್ಳು ಬಿರುದು ಹಾಕಿಕೊಳ್ಳುವುದು ಅಪರಾಧವೆಂದು ಎಲ್ಲರಿಗೂ ಗೊತ್ತು. ಬಹ್ತಿಯಾರ್ ಮುಖ ಬಿಳಿಚಿಕೊಂಡು, ಎರಡೂ ಕೈಯನ್ನು ಬೇಡಿ ಹಾಕಲು ಅನುಕೂಲವಾಗುವಂತೆ ಮುಂದೆ ಚಾಚಿದರು. ಸಾರ್ಜೆಂಟ್ ಆ ಕೈಗಳನ್ನು ಹಿಡಿದು ಆತ್ಮೀಯವಾಗಿ ಕುಲುಕಿದರು.

“ನಂಗೂ ಬಂತು ಪತ್ರ. ಮೂವತ್ತು ವರ್ಷದ ಸೇವೆ ಯಾರೂ ಗಮನಿಸ್ಲಿಲ್ಲ ಅಂದ್ಕೊಂಡಿದ್ದೆ. ದಾತುಕರ ಕಾರು ನಿಲ್ಸೋ ಜಾಗ ಯಾವ ಕಡೆ?”

ಬಹ್ತಿಯಾರ್ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಅವರ ಹೆಂಡತಿ ರೊಕಿಯಾ ಗಂಡನ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದು, ತವರಿಗೆ ಫೋನ್ ಮಾಡಿದ್ದಳು. ಅತ್ತೆ ಎಲ್ಲವನ್ನೂ ಸಮಾಧಾನವಾಗಿ ಕೇಳಿ ಕೊನೆಗೆ ಅಂದರಂತೆ: “ದಾತುಕ್ ಆಗಿದ್ದು ಸರಿ. ಖಾಯಂ ಆಯ್ತಾ?”

ಬಿರುದು ವಾಪಸು ಕೊಟ್ಟು, ತಮ್ಮ ಹಳೆಯ ಬಿರುದು ಯಾವುದೆಂದು ಹೇಳಿಹೋಗುವಂತೆ ಬಹ್ತಿಯಾರ್ ಒಂದು ಸೂಚನೆ ಅಂಟಿಸಿದರು. ಅದಕ್ಕೆಂದೇ ನಾಲ್ಕನೇ ಕೌಂಟರ್ ತೆರೆದು ಮೂರು ದಿನ ಕಾದರು. ಬಂದವರು ಒಬ್ಬರೇ, ದಾರಿ ತಪ್ಪಿ ಅಂಚೆ ಕಚೇರಿ ಎಂದುಕೊಂಡು. ಕೊಟ್ಟದ್ದನ್ನು ಇಸಿದುಕೊಳ್ಳುವುದು ಕೊಡುವಷ್ಟು ಸುಲಭವಲ್ಲ.

ನನ್ನ ಕೌಂಟರಿಗೆ ಮಾತ್ರ ಆ ದಿನಗಳಲ್ಲೂ ಒಬ್ಬರು ಬಂದರು. ಮಾಕ್ ಚಿಕ್ ಜಹರಾ, ಅಂದರೆ ಊರಿಗೆಲ್ಲ ಚಿಕ್ಕಮ್ಮ, ಎಪ್ಪತ್ತು ದಾಟಿದ ಹೆಂಗಸು, ನದಿ ಬೀದಿಯಲ್ಲಿ ಬಾಳೆಲೆಯಲ್ಲಿ ಬೇಯಿಸಿದ ಸಿಹಿ ಕಡುಬು ಮಾರುತ್ತಾರೆ. ಮನೆಯಲ್ಲಿ ಯಾರ‍್ಯಾರಿದ್ದೀರಿ ಎಂದು ಅರ್ಜಿಯಲ್ಲಿ ಕೇಳಿದ್ದಕ್ಕೆ ಸತ್ಯವಾಗಿ ಬೆಕ್ಕಿನ ಹೆಸರೂ ಬರೆದವರು ಇವರೇ. ಬಹ್ತಿಯಾರ್ ಅದನ್ನು ನೋಡದೆ ಪಟ್ಟಿಗೆ ಸೇರಿಸಿದ್ದರಿಂದಲೇ ಕೊಮೋಟ್ ನಮ್ಮ ಊರಿನ ಪ್ರಜೆ. ಜಹರಾ ಒಂದು ಕಾಗದ ಕೊಟ್ಟರು. ಕೆಳಗೆ ‘ದಾತುಕ್ ಜಹರಾ’ ಎಂದಿತ್ತು. ದಾತುಕರ ಕಾಗದ ತುರ್ತಿನ ಕೆಂಪು ಫೈಲಿಗೆ ಹೋಗಬೇಕೆಂಬುದು ನಿಯಮ. ನಾನು ನಿಯಮ ಮೀರುವವನಲ್ಲ. ಓದದೆಯೇ ಕೆಂಪು ಫೈಲಿಗೆ ಹಾಕಿದೆ.

ಮಂಗಳವಾರ ಬೆಳಿಗ್ಗೆ ಶಿಷ್ಟಾಚಾರ ವಿಭಾಗದ ಪುವಾನ್ ನೊರ್ಮಾ ನಮ್ಮ ಮೇಜಿನ ಹತ್ತಿರ ಬಂದು ನಿಂತರು. ಮಾಳಿಗೆ ಬೀಳುತ್ತಿದ್ದರೂ ಯಾರು ಯಾರ ಹಿಂದೆ ಓಡಬೇಕೆಂದು ಪುಸ್ತಕ ನೋಡಿ ಹೇಳುವ ಹೆಂಗಸು. ವೈರಸ್ಸೋ ಗಿರಸ್ಸೋ, ಅವರಿಗೆ ಸಂಬಂಧವಿಲ್ಲ. ಪಟ್ಟಿಯಲ್ಲಿ ಇರುವುದೇ ಸತ್ಯ.

“ಬಹ್ತಿಯಾರ್, ಭಾಷಣದ ವಿಷಯ ಏನ್ ಮಾಡೋಣ?”

“ಯಾವ ಭಾಷಣ?”

“ನಿಯಮ ಹದಿನಾಲ್ಕು. ಊಟಕ್ಕೆ ಮುಂಚೆ, ಬಂದಿರೋ ಪ್ರತಿಯೊಬ್ಬ ದಾತುಕರೂ ಹತ್ತು ನಿಮಿಷ ನಾಲ್ಕು ಮಾತು ಆಡ್ಬೇಕು. ಎಲ್ಲರ ಮಾತೂ ಮುಗಿಯೋವರೆಗೆ ಯಾರೂ ತಟ್ಟೆ ಮುಟ್ಟೋ ಹಾಗಿಲ್ಲ. ನಾನು ಲೆಕ್ಕ ಹಾಕಿದೆ. ಇಪ್ಪತ್ತೊಂಬತ್ತು ದಿನ, ಇಪ್ಪತ್ತೆರಡು ಗಂಟೆ, ನಲವತ್ತು ನಿಮಿಷ ಆಗುತ್ತೆ. ಯಾರೂ ನಿದ್ದೆ ಮಾಡ್ದೆ ಇದ್ರೆ.”

ನಾನು ನಕ್ಕೆ. ಬಹ್ತಿಯಾರ್ ನಗಲಿಲ್ಲ. ಅವರ ದುಂಡು ಮುಖದ ಮೇಲೆ ವಾರದಿಂದ ಕಾಣದ ಬೆಳಕು ಕಂಡಿತು.

“ಪುವಾನ್,” ಎಂದು ಅವರು ಎದ್ದುನಿಂತರು, “ಇದನ್ನ ಹಾಗ್‌ಹಾಗೇ ಅಚ್ಚು ಹಾಕ್ಸಿ ಮನೆಮನೆಗೆ ಹಂಚಿ. ಒಂದಕ್ಷರ ಬಿಡ್ಬೇಡಿ. ಭಾಷಣ ಬರೆದು ತರ್ಬೇಕು ಅಂತಾನೂ ಸೇರ್ಸಿ.”

ಬುಧವಾರ ಬೆಳಿಗ್ಗೆ ಎಂಟಕ್ಕೆ ನಾಲ್ಕನೇ ಕೌಂಟರಿನ ಸಾಲು ಮೆಟ್ಟಿಲಿಳಿದು, ಮಾರುಕಟ್ಟೆ ದಾಟಿ, ಮಸೀದಿಯವರೆಗೆ ಹೋಗಿತ್ತು. ಹುಲಿ ಬಂತೆಂದರೂ ಹೆದರದವರಿದ್ದಾರೆ. ಮೈಕು ಬಂತೆಂದರೆ ಹೆದರದವರು ಕಡಿಮೆ. ಎಲ್ಲರಿಗಿಂತ ಮುಂದೆ ಸಾರ್ಜೆಂಟ್ ಹಶೀಮ್.

“ಕಳ್ಳರ ಎದುರಿಗೆ ಬೇಕಾದ್ರೆ ನಿಲ್ತೀನಿ. ಮೈಕ್ ಮುಂದೆ ಕಾಲು ನಡುಗುತ್ತೆ. ತೆಗೀರಿ ಇದನ್ನ.”

ಎರಡನೆಯವನು ಅಂಕಲ್ ಲಾವ್. ಕೋಟು ಬಿಚ್ಚಿ ಕಂಕುಳಲ್ಲಿಟ್ಟುಕೊಂಡಿದ್ದ.

“ತಿಂಗಳಾದ ಮೇಲೆ ರೆಂದಾಂಗ್ ಯಾರ್ ತಿಂತಾರೆ? ದಾತುಕ್ ಬೇಡ. ಕ್ಯಾಪ್ಟನ್ ಅಂತ ಬರಿ.”

“ಯಾವ ಹಡಗಿನ ಕ್ಯಾಪ್ಟನ್, ಅಂಕಲ್?” ಎಂದರು ಬಹ್ತಿಯಾರ್.

“ಬ್ಯಾಡ್ಮಿಂಟನ್ ತಂಡದ್ದು. ಎಂಬತ್ಮೂರನೇ ಇಸ್ವಿ.”

“ಹಿಂದೆ ನಿಮ್ಮ ಹೆಸರಿಗೆ ಏನಿತ್ತು?”

“ಏನೂ ಇರ್ಲಿಲ್ಲ,” ಎಂದು ಅಂಕಲ್ ಲಾವ್ ಬೇಸರದಿಂದ ಒಪ್ಪಿಕೊಂಡ.

ಮೂರು ದಿನ, ಹಗಲೆನ್ನದೆ ರಾತ್ರಿಯೆನ್ನದೆ, ಬಹ್ತಿಯಾರ್ ಒಂದೊಂದು ಮನೆಯವರನ್ನೂ ಕೂರಿಸಿ ಕೇಳಿದರು, ಬರೆದರು, ಓದಿ ಹೇಳಿದರು, ಸರಿಯೋ ಎಂದು ಮತ್ತೆ ಕೇಳಿದರು. ಒಂದೊಂದು ಹೆಸರಿಗೂ ‘ಯಾರಿಗೆ’ ಎಂದು ಬಾಯಿಬಿಟ್ಟು ಹೇಳಿಕೊಂಡೇ ಕೀಲಿ ಒತ್ತುತ್ತಿದ್ದರು. ಒಂಬತ್ತು ವರ್ಷದಲ್ಲಿ ಪಟ್ಟಿಯೊಳಗಿನ ಜನರ ಮುಖವನ್ನು ಅವರು ನೋಡಿದ್ದು ಅದೇ ಮೊದಲು. ಸತ್ತು ನಾಲ್ಕು ವರ್ಷವಾದ ಹನ್ನೊಂದು ಜನ ಇನ್ನೂ ಪಟ್ಟಿಯಲ್ಲಿ ಹಾಯಾಗಿರುವುದು ಆಗ ಗೊತ್ತಾಯಿತು. ಮಕ್ಕಳು ಬಂದು ಹೇಳಿದರು. ಬಹ್ತಿಯಾರ್ ಎದ್ದುನಿಂತು ಅವರ ಹೆಸರು ತೆಗೆದರು. ಆ ಹೊತ್ತಿನಲ್ಲಿ ಅವರ ಬಗ್ಗೆ ನನಗೆ ನಿಜವಾಗಿ ಗೌರವ ಬಂತು.

ತೊಂದರೆ ಕೊಟ್ಟವರು ನಿವೃತ್ತ ಹೆಡ್‌ಮಾಸ್ಟರ್ ಮೊಖ್ತಾರ್ ಒಬ್ಬರೇ. ಅವರು ಮೈಕಿಗೆ ಹೆದರುವವರಲ್ಲ, ಮೈಕು ಅವರಿಗೆ ಹೆದರಬೇಕು. ನಲವತ್ತು ಪುಟದ ಭಾಷಣ ಬಗಲಲ್ಲಿ ಹಿಡಿದು ಬಂದು, “ನಾನು ಬಿರುದು ಬಿಡೋನಲ್ಲ. ನಿವೃತ್ತಿ ಆದ ಮೇಲೆ ನನ್ನ ಮಾತನ್ನ ಯಾರೂ ಕೂತು ಕೇಳಿಲ್ಲ,” ಎಂದರು.

“ಚೆಗು,” ಎಂದು ಬಹ್ತಿಯಾರ್ ಮೇಷ್ಟರನ್ನು ಶಾಲೆಯ ದಿನಗಳಂತೆಯೇ ಕರೆದು ವಿನಯದಿಂದ ಕೈಕಟ್ಟಿದರು, “ಎಲ್ಲರೂ ಬಿಟ್ಟು ಹೋಗಿದ್ದಾರೆ. ನೀವು ನಿಂತ್ರೆ ನಿಮ್ಮ ಮಾತಿಗೂ ಊರವರ ತಟ್ಟೆಗೂ ನಡುವೆ ಇರೋರು ನೀವೊಬ್ಬರೇ. ಹಸಿದ ಜನ ನಿಮ್ಮ ಹಳೇ ವಿದ್ಯಾರ್ಥಿಗಳು ಬೇರೆ.”

ಮೇಷ್ಟರು ಸಾಲಿನ ಕಡೆ ತಿರುಗಿ ನೋಡಿದರು. ತಾವು ಯಾರ‍್ಯಾರಿಗೆ ಬೆತ್ತದ ರುಚಿ ತೋರಿಸಿದ್ದೆವೆಂದು ನೆನಪು ಮಾಡಿಕೊಂಡಿರಬೇಕು. ಕೊನೆಗೆ, “ಚೆಗು ಅಂತಾನೇ ಬರಿ,” ಎಂದು ಭಾಷಣ ಸುತ್ತಿಕೊಂಡು ಹೋದರು.

ಶುಕ್ರವಾರ ಸಂಜೆಯ ಹೊತ್ತಿಗೆ ಸಾಲು ಕರಗಿತು, ಎಲ್ಲ ಮುಗಿಯಿತೆಂದುಕೊಂಡೆವು. ಪುವಾನ್ ನೊರ್ಮಾ ಖಾಯಂ ಪತ್ರವನ್ನು ಕಂಪ್ಯೂಟರಿನಿಂದ ಅಚ್ಚು ತೆಗೆದು, ಹಳದಿ ಲಕೋಟೆಯಲ್ಲಿಟ್ಟು ಅಂಟಿಸಿದರು. ಬಹ್ತಿಯಾರ್ ಆ ರಾತ್ರಿ ವಾರದ ನಿದ್ದೆಯನ್ನೆಲ್ಲ ಒಟ್ಟಿಗೇ ಮಾಡಿದರಂತೆ.

ಶನಿವಾರ ಮಂಡಳಿಯ ಮೈದಾನದಲ್ಲಿ ಶಾಮಿಯಾನ. ಹನ್ನೆರಡು ಹಂಡೆ ರೆಂದಾಂಗಿನ ಘಮ ಸೇತುವೆಯಾಚೆಗೂ ಹೋಗಿತ್ತು. ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ನೆಮ್ಮದಿಯಾಗಿ ಕುಳಿತಿದ್ದರು. ಮುಂದಿನ ಸಾಲಿನಲ್ಲಿ, ರೊಕಿಯಾಳ ಪಕ್ಕ, ಅತ್ತೆ. ಅಳಿಯ ಖಾಯಂ ಆಗುವುದನ್ನು ಕಣ್ಣಾರೆ ನೋಡದೆ ನಂಬುವುದಿಲ್ಲವೆಂದು ಬಸ್ಸಿನಲ್ಲಿ ಐದು ಗಂಟೆ ಕುಳಿತು ಬಂದಿದ್ದರು.

ದಾತುಕ್ ಶಮ್ಸೂರಿ ಜರಿ ಬಟ್ಟೆಯಲ್ಲಿ ಹೊಳೆಯುತ್ತ ತಮ್ಮ ಹತ್ತು ನಿಮಿಷವನ್ನು ಇಪ್ಪತ್ತೈದು ನಿಮಿಷದಲ್ಲಿ ಮುಗಿಸಿದರು. ಆಮೇಲೆ ಬಹ್ತಿಯಾರನ್ನು ವೇದಿಕೆಗೆ ಕರೆದು, “ವೈರಸ್ಸನ್ನು ಓಡಿಸಿದ ನಮ್ಮ ವೀರ” ಎಂದು ಬೆನ್ನು ತಟ್ಟಿ, ಲಕೋಟೆ ಒಡೆದು, ಪೆನ್ನು ತೆರೆದು ಗಟ್ಟಿಯಾಗಿ ಓದತೊಡಗಿದರು.

“ಈ ಮೂಲಕ ತಿಳಿಸುವುದೇನೆಂದರೆ, ದಾತುಕ್ ಬಹ್ತಿಯಾರ್ ಬಿನ್ ಲಾಜಿಮ್ ಅವರನ್ನು…”

ಪೆನ್ನು ಗಾಳಿಯಲ್ಲಿ ನಿಂತಿತು. ಇಡೀ ಊರಿನ ಬಿರುದು ತೆಗೆದ ಮನುಷ್ಯ ತನ್ನದನ್ನು ತೆಗೆಯಲು ಮರೆತಿದ್ದರು. ಕೌಂಟರಿನ ಒಳಗೆ ಕುಳಿತವನು ಕೌಂಟರಿನ ಮುಂದಿನ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾನೆ?

“ಎಲ್ಲರದ್ದೂ ಹೋಗಿ ನಿಂದೊಂದೇ ಹೇಗೆ ಉಳೀತು?” ಎಂದರು ಅಧ್ಯಕ್ಷರು. ಮೈಕು ಅವರ ಬಾಯಿಯ ಹತ್ತಿರವೇ ಇದ್ದುದರಿಂದ ಪ್ರಶ್ನೆ ಇಡೀ ಮೈದಾನಕ್ಕೆ ಕೇಳಿಸಿತು. “ವೈರಸ್ ನಿನ್ನ ಹತ್ರಾನೇ ಇತ್ತಾ?”

ಪುವಾನ್ ನೊರ್ಮಾ ತಟ್ಟನೆ ಎದ್ದರು. “ನಿಯಮ ಹದಿನಾಲ್ಕು, ದಾತುಕ್. ಪಟ್ಟಿಯ ಪ್ರಕಾರ ಇನ್ನೂ ದಾತುಕರಿದ್ದಾರೆ. ಅವರ ಮಾತು ಮುಗೀದೆ ಊಟ ಇಲ್ಲ.” ಎಂದವರೇ ಮೈಕನ್ನು ಬಹ್ತಿಯಾರ್ ಕೈಗೆ ಕೊಟ್ಟರು.

ಬಹ್ತಿಯಾರ್ ಮೈಕು ಹಿಡಿದು ನಿಂತರು. ಒಮ್ಮೆ ಲಕೋಟೆಯ ಕಡೆ ನೋಡಿದರು, ಒಮ್ಮೆ ಅತ್ತೆಯ ಕಡೆ. ಇನ್ನೊಂದು ಸುಳ್ಳು ಹೇಳಿದರೆ ಉಳಿದುಕೊಳ್ಳಬಹುದಿತ್ತು. ಕೆಳಗಿನಿಂದ ನಾನೇ ‘ವೈರಸ್ ಅನ್ನಿ, ವೈರಸ್ ಅನ್ನಿ’ ಎಂದು ಸನ್ನೆ ಮಾಡುತ್ತಿದ್ದೆ.

“ವೈರಸ್ ಇರ್ಲಿಲ್ಲ,” ಎಂದರು ಅವರು. “ನಾನೇ ಮಾಡಿದ್ದು. ಅಧ್ಯಕ್ಷರಿಗೆ ಖುಷಿಯಾಗ್ಲಿ ಅಂತ ಅವಸರ ಬಿದ್ದೆ. ದಾತುಕ್ ಅಂತ ಬರೆ ಅಂದೆ, ಯಾರಿಗೆ ಅಂತ ಹೇಳ್ಲಿಲ್ಲ. ನಕಲು ಇದೆ ಅಂತ ಜಂಬ ಕೊಚ್ತಿದ್ದೆ, ತಪ್ಪನ್ನೇ ನಕಲು ಮಾಡಿಟ್ಟಿದ್ದೆ. ಸುಳ್ಳು ಹೇಳಿದ್ದೂ ನಾನೇ. ಎಲ್ಲರೂ ಮನಸ್ಸಿನಿಂದ ಕ್ಷಮಿಸ್ಬೇಕು.”

ಹಬ್ಬದ ತಿಂಗಳಲ್ಲಿ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು, ತಪ್ಪು ಮಾಡಿದವರೂ ಮಾಡದವರೂ. ನಿಜವಾದ ತಪ್ಪಿಗೆ ಅದನ್ನು ಉಪಯೋಗಿಸಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನು ಸನ್ನೆ ಮಾಡುವುದನ್ನು ನಿಲ್ಲಿಸಿದೆ. ಅಧ್ಯಕ್ಷರು ಮಾತ್ರ ಪೆನ್ನಿನ ಟೊಪ್ಪಿ ಹಾಕಿದರು. ಅತ್ತೆ ರೊಕಿಯಾಳ ಕೈ ಹಿಡಿದುಕೊಂಡರು.

“ಮುಂದಿನ ಭಾಷಣ,” ಎಂದು ಪುವಾನ್ ನೊರ್ಮಾ ಏನೂ ಆಗದವರಂತೆ ಪಟ್ಟಿ ಓದಿದರು, “ದಾತುಕ್ ಜಹರಾ.”

ಹಿಂದಿನ ಸಾಲಿನಿಂದ ಮಾಕ್ ಚಿಕ್ ಜಹರಾ ಎದ್ದು ಬಂದರು. ಒಂದು ಕೈಯಲ್ಲಿ ಕಡುಬಿನ ಬುಟ್ಟಿ, ಇನ್ನೊಂದು ಕಂಕುಳಲ್ಲಿ ದಾತುಕ್ ಕೊಮೋಟ್. ಬಹ್ತಿಯಾರ್ ಕೈಯಿಂದ ಮೈಕು ತೆಗೆದುಕೊಂಡು, ಬೆಕ್ಕನ್ನು ಅವರ ಕೈಗೆ ಕೊಟ್ಟರು.

“ಹನ್ನೊಂದು ವರ್ಷ ನನ್ನ ಮನೆ ಹಿಂದಿನ ಚರಂಡಿ ಕಟ್ಕೊಂಡಿತ್ತು,” ಎಂದರು. “ಹನ್ನೊಂದು ವರ್ಷ ಮಾಕ್ ಚಿಕ್ ಜಹರಾ ಕಾಗದ ಬರೆದಳು. ಮೂರನೇ ಕೌಂಟರಿನ ಆ ಹುಡುಗ ತಗೊಂಡು ತಗೊಂಡು ಒಳಗಿಟ್ಟ.” ಇಡೀ ಊರು ನನ್ನನ್ನು ತಿರುಗಿ ನೋಡಿತು. ನಾನು ಶಾಮಿಯಾನದ ಕಂಬದ ಗುಣಮಟ್ಟ ಪರೀಕ್ಷಿಸಿದೆ. “ಹೋದ ವಾರ ದಾತುಕ್ ಜಹರಾ ಅದೇ ಕಾಗದ ಬರೆದಳು. ಎರಡನೇ ದಿನ ಲಾರಿ ಬಂತು, ಆರು ಆಳು ಬಂದ್ರು, ಚರಂಡಿ ಹೊಳೆ ಹಾಗೆ ಹರೀತಿದೆ. ಅದಕ್ಕೇ ನಾನು ಸಾಲಿಗೆ ಬರ್ಲಿಲ್ಲ. ಈಗ ಕೆಲಸ ಆಯ್ತು, ತಗೊಳ್ಳಿ ನಿಮ್ಮ ಬಿರುದು. ಬೆಕ್ಕಿಂದೂ ತಗೊಳ್ಳಿ.”

ಆಮೇಲೆ ಅವರು ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಅವರ ಕೈಯ ಕಡುಬು ತಿಂದೇ ಬೆಳೆದವರು.

“ಶಮ್ಸೂರಿ, ಈ ಮನುಷ್ಯ ತಪ್ಪು ಮಾಡಿ ನನ್ನ ಚರಂಡಿ ಸರಿಮಾಡ್ದ. ಮೂರು ದಿನ ಕೂತು ಊರವರನ್ನೆಲ್ಲ ಹೆಸರು ಹಿಡಿದು ಕೇಳ್ದ. ತಪ್ಪೇ ಮಾಡ್ದೆ ಇರೋ ನೀವೆಲ್ಲ ಹನ್ನೊಂದು ವರ್ಷದಲ್ಲಿ ಏನ್ ಮಾಡಿದ್ರಿ? ರೆಂದಾಂಗ್ ಆರ‍್ತಿದೆ. ಸಹಿ ಹಾಕಪ್ಪ.”

ಅಷ್ಟೇ ಭಾಷಣ. ಒಂದೂವರೆ ನಿಮಿಷ. ಆಮೇಲೆ ಅಂಕಲ್ ಲಾವ್ “ಸಹಿ! ಸಹಿ!” ಎಂದು ಕೂಗಿದ. ಸಾರ್ಜೆಂಟ್ ಕೂಗಿದರು, ಮೇಷ್ಟರು ಕೂಗಿದರು, ಅಡುಗೆಯವರು ಹಂಡೆಗೆ ಸೌಟು ಬಡಿದರು. ದಾತುಕ್ ಶಮ್ಸೂರಿ ಜನರನ್ನು ನೋಡಿದರು, ಹಂಡೆಗಳನ್ನು ನೋಡಿದರು. ಪೆನ್ನಿನ ಟೊಪ್ಪಿ ತೆಗೆದು, ಬಹ್ತಿಯಾರ್ ಹೆಸರಿನ ಹಿಂದಿನ ‘ದಾತುಕ್’ ಅನ್ನು ಒಂದು ಗೀಟಿನಿಂದ ಹೊಡೆದುಹಾಕಿ, ಕೆಳಗೆ ಸಹಿ ಹಾಕಿದರು.

“ಇನ್ನೆರಡು ಡಿಸ್ಕ್ ತರ್ಸು,” ಎಂದು ಗೊಣಗಿದರು. “ಬೇರೆ ಬೇರೆ ಬಣ್ಣದ್ದು.”

ಊಟಕ್ಕೆ ಕುಳಿತಾಗ ಅತ್ತೆ ಬಂದು ಅಳಿಯನ ತಟ್ಟೆಗೆ ತಾವೇ ರೆಂದಾಂಗ್ ಬಡಿಸಿದರು. ಮೊದಲ ಬಾರಿಗೆ ಪ್ರಶ್ನೆ ಕೇಳಲಿಲ್ಲ. ಇನ್ನೊಂದು ಸೌಟು ಹಾಕಿದರು. ಬಹ್ತಿಯಾರ್ ತಲೆ ತಗ್ಗಿಸಿ ತಿನ್ನುತ್ತಿದ್ದರು, ಕಣ್ಣು ಒದ್ದೆಯಾಗಿತ್ತು. ಖಾರ ಎಂದರು. ಖಾರವೇನೂ ಇರಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಹಳೆಯ ದೂರುಗಳ ಕಪಾಟು ತೆರೆದು ಧೂಳು ಕೊಡವುತ್ತ ಕುಳಿತಿದ್ದೆ. ಬಹ್ತಿಯಾರ್ ಹೊಸ ಅಂಗಿ ಹಾಕಿಕೊಂಡು ಬಂದರು. ಅವರ ಪರದೆಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಯಾರಿಗೆ?’ ಎಂದು ಬರೆದ ಕಾಗದ ಅಂಟಿಸಿತ್ತು. ನೌಕರಿಯ ಜಾಗದಲ್ಲಿ ಗುತ್ತಿಗೆ ಎಂದಿರುವುದನ್ನು ಖಾಯಂ ಎಂದು ತಿದ್ದಲು ಅವರು ಸಂಭ್ರಮದಿಂದ ಅಪ್ಪಣೆ ಟೈಪು ಮಾಡಿದರು. ಕೀಲಿಯ ಮೇಲೆ ಬೆರಳಿಟ್ಟರು. ನಾನು ಸುಮ್ಮನೆ ಇಣುಕಿ ನೋಡಿದವನು, ಹಾರಿ ಅವರ ಮಣಿಕಟ್ಟು ಹಿಡಿದೆ.

“ಬಾಂಗ್! ಯಾರಿಗೆ?”

ಬಹ್ತಿಯಾರ್ ಪರದೆ ನೋಡಿದರು. ಕಾಗದ ನೋಡಿದರು. ಹಣೆ ಒರೆಸಿಕೊಂಡು ಕುರ್ಚಿಗೆ ಒರಗಿದರು.

“ಒತ್ತಿಬಿಟ್ಟಿದ್ರೆ ಊರಿನ ಎಷ್ಟು ಜನ ಅತ್ತೆಯಂದ್ರಿಗೆ ಸಂತೋಷ ಆಗ್ತಿತ್ತು, ಅಲ್ವಾ ಅರುಳ್?”